ಹೊಳಪು ಹೋಗುವವರೆಗೆ

ಮೂರನೆಯ ಹಾಲಿನ ಡಬ್ಬಿ ಖಾಲಿಯಾದರೂ ಬೂನ್‌ಹಾನನ ನಡುಕ ನಿಲ್ಲಲಿಲ್ಲ. ಬಾಯೊಳಗೆ ಲೋಹದ ಸಿಹಿ ಅಂಟಿಕೊಂಡಿತ್ತು. ಬೆಳಿಗ್ಗೆ ಕಡಲ ದೇವತೆ ಮಾಜು ತಾಯಿಯ ಗುಡಿಯಂಗಳದ ಚಪ್ಪರಕ್ಕೆ ಸತುವಿನ ಲೇಪವಿರುವ ಜಿಐ ಪೈಪು ವೆಲ್ಡ್ ಮಾಡುವಾಗ ಎದ್ದ ಬಿಳಿ ಹೊಗೆ ಹತ್ತಿಯ ಎಳೆಗಳಂತೆ ಅವನ ತೋಳಿನ ಮೇಲೆ ಉದುರಿತ್ತು. ಸಂಜೆಯಾಗುವ ಮೊದಲೇ ಮೈ ಕಾದು, ಹಲ್ಲು ಕಟಕಟ ಎನ್ನತೊಡಗಿದವು.

ಸತುವಿನ ಹೊಗೆ ತರುವ ಈ ಜ್ವರ ಲುಕಾಂಗ್ ಪಟ್ಟಣದ ವೆಲ್ಡರುಗಳೆಲ್ಲ ಕಂಡದ್ದೇ. ಅವನೊಬ್ಬನಿಗೆ ಮಾತ್ರ ಮೂವತ್ತು ವರ್ಷದಿಂದ ಬಂದಿರಲಿಲ್ಲ. "ಬೆಳಿಗ್ಗೆ ಒಂದು ಡಬ್ಬಿ ಹಾಲು, ತಾಯಿಗೊಂದು ನಮಸ್ಕಾರ, ಅಷ್ಟೇ. ಮಾಸ್ಕು ಗೀಸ್ಕು ಎಲ್ಲ ನಿಮ್ಮಂಥ ಪುಕ್ಕಲರಿಗೆ" ಎಂದು ಚಹಾದಂಗಡಿಯಲ್ಲಿ ಗೆಳೆಯರ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದ. ಈಗ ಯಾವ ಹರಕೆ ತಪ್ಪಿತೋ ಎಂದು ಧೂಪ ಹಚ್ಚಿ ಬೇಡಿಕೊಂಡ. ಪೀಠದ ಮೇಲೆ ತಾಯಿ ಎಂದಿನಂತೆ ಅರೆಗಣ್ಣಲ್ಲಿ ಕೂತಿದ್ದಳು.

ಮಾರನೆಯ ದಿನ ಜ್ವರ ಇಳಿದ ಮೇಲೆ ಹೆಂಡತಿ ಲುವಾನಳನ್ನು ನೋಡಲು ಹೊರಟ. ಅವಳನ್ನು ಆರೈಕೆ ಮನೆಗೆ ಸೇರಿಸಿ ಹದಿನೈದು ದಿನವಾಗಿತ್ತು. ಅವಳು ಒಲೆ ಆರಿಸುವುದನ್ನು ಮರೆತಳು, ಮನೆಯ ದಾರಿ ಮರೆತಳು. ಅದನ್ನೆಲ್ಲ ಅವನು ಸಹಿಸಿದ್ದ. ಆದರೆ ಗುಡಿಯ ಚಪ್ಪರಕ್ಕೆಂದು ತಂದಿಟ್ಟ ಅಷ್ಟೂ ಪೈಪುಗಳನ್ನು ತುದಿಯಿಂದ ತುದಿಗೆ ಗ್ರೈಂಡರಿನಲ್ಲಿ ಉಜ್ಜಿ, ಸತುವನ್ನೆಲ್ಲ ಕಿತ್ತುಹಾಕಿದ್ದಳು. ಒಂದೇ ಮಳೆಗೆ ಎಲ್ಲವೂ ತುಕ್ಕು ಹಿಡಿದು ಕೆಂಪಾಗಿ, ಹೊಸ ಪೈಪುಗಳನ್ನೇ ತರಿಸಬೇಕಾಯಿತು. ಅಂದು ಅವನ ತಾಳ್ಮೆಯ ಕಟ್ಟೆ ಒಡೆದಿತ್ತು.

"ಅಜ್ಜೀ, ಯಾರು ಬಂದಿದಾರೆ ನೋಡಿ!" ಎಂದು ಆರೈಕೆಯ ಹುಡುಗಿ ಯಾನಿ ಅವಳ ದಿಂಬು ಸರಿಪಡಿಸಿ ಹೋದಳು.

"ಪೈಪಿನಂಗಡಿಯವ್ರು ತಾನೆ? ಬನ್ನಿ ಅಣ್ಣಾ. ನಮ್ಮನೆಯವ್ರು ಗುಡಿಗೆ ಹೋಗಿದಾರೆ, ಈಗ ಬರ್ತಾರೆ."

ಬೂನ್‌ಹಾನ್ ತಂದಿದ್ದ ಹಾಲಿನ ಡಬ್ಬಿ ತೆರೆದು ಕೊಟ್ಟ. ಅದನ್ನು ನೋಡಿ ಲುವಾನ್ ಬಾಯಿ ಮುಚ್ಚಿಕೊಂಡು ನಕ್ಕಳು.

"ಇದು ನಮ್ಮನೆಯವ್ರ ಮದ್ದು! ಹಾಲು ಕುಡಿದ್ರೆ ಹೊಗೆ ತಾಗಲ್ವಂತೆ. ಹೊಗೆ ಹೋಗೋದು ಎದೆಗೆ, ಹಾಲು ಹೋಗೋದು ಹೊಟ್ಟೆಗೆ. ಹೇಳಿದ್ರೆ ಕೇಳೋ ಗಂಡಸಾ ಅದು?"

"ಮತ್ತೆ ಅವರಿಗೆ ಜ್ವರ ಬರ್ತಿರಲಿಲ್ವಲ್ಲ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಬಿಟ್ರೆ ತಾನೆ ಬರೋದು! ಅವ್ರು ಗುಡಿ, ಚಹಾ ಎಲ್ಲ ಮುಗಿಸ್ಕೊಂಡು ಬರೋದ್ರೊಳಗೆ ಮೂಗಿಗೆ ಮಾಸ್ಕ್ ಕಟ್ಕೊಂಡು ಬೆಸುಗೆ ಬೀಳೋ ಜಾಗಾನೆಲ್ಲ ಉಜ್ಜಿಟ್ಟಿರ್ತೀನಿ. ನಾಕು ಬೆರಳಗಲ, ಹೊಳಪು ಹೋಗೋವರೆಗೂ. ಸತುವೇ ಇಲ್ಲದಿದ್ರೆ ಆ ಹೊಗೆ ಎಲ್ಲಿಂದ ಬರ್ಬೇಕು? ಬಣ್ಣ ಚೆನ್ನಾಗಿ ಹಿಡೀಲಿ ಅಂತ ಸುಳ್ಳು ಹೇಳಿದೀನಿ. 'ನಿನಗೆ ಬೇರೆ ಕೆಲಸ ಇಲ್ವಾ' ಅಂತ ಬಯ್ತಾರೆ. ಬಯ್ಲಿ ಬಿಡಿ. ನೀವು ಮಾತ್ರ ಹೇಳಬೇಡಿ, ಪಾಪ, ತಾಯಿ ಕಾಪಾಡ್ತಿದಾಳೆ ಅಂದ್ಕೊಂಡಿದಾರೆ."

ಬೂನ್‌ಹಾನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಆವತ್ತು ಪೂರ್ತಿ ಪೈಪನ್ನೇ ಉಜ್ಜಿದ್ರಂತೆ..."

ಲುವಾನಳ ನಗೆ ಮಾಯವಾಯಿತು. "ಬೆಸುಗೆ ಎಲ್ಲಿ ಬೀಳುತ್ತೆ ಅನ್ನೋದೇ ಮರೆತುಹೋಗುತ್ತೆ ಅಣ್ಣಾ. ಒಂದು ಕಡೆ ಬಿಟ್ಟುಹೋದ್ರೆ? ಅದಕ್ಕೇ ಎಲ್ಲಾನೂ ಉಜ್ಜಿಬಿಟ್ಟೆ. ಆಮೇಲೆ ಯಾರೋ ಒಬ್ಬ ಮುದುಕ ಬಂದು ಗ್ರೈಂಡರ್ ಕಿತ್ಕೊಂಡ. ಬೀದೀಲೆಲ್ಲ ಕೇಳೋ ಹಾಗೆ ಕೂಗಾಡಿದ. ನಮ್ಮನೆಯವ್ರು ಇದ್ದಿದ್ರೆ ಸುಮ್ನೆ ಬಿಡ್ತಿದ್ರಾ?"

"ಲುವಾನ್," ಎಂದ ಅವನು. "ನಾನೇ ಕಣೇ. ಬೂನ್‌ಹಾನ್."

"ಓ, ನಿಮ್ಮ ಹೆಸರೂ ಅದೇನಾ?" ಎಂದಳು ಅವಳು ಮರ್ಯಾದೆಯಿಂದ.

ಕಾರಿಡಾರಿನಲ್ಲಿ ಊಟದ ತಳ್ಳುಗಾಡಿ ಸದ್ದು ಮಾಡುತ್ತ ಹೋಯಿತು. ಹಾಲು ಹಾಗೇ ಇತ್ತು. ಇದ್ದಕ್ಕಿದ್ದಂತೆ ಲುವಾನ್ ಅವನ ತೋಳು ಹಿಡಿದಳು.

"ಅಯ್ಯೋ, ಅಲ್ಲಿ ಕೂತ್ಕೋಬೇಡಿ, ಹೊಗೆ ಮುಖಕ್ಕೇ ಬರುತ್ತೆ. ಈ ಕಡೆ ಬನ್ನಿ, ಗಾಳಿ ಬೆನ್ನಿಗಿರಲಿ."

ಬೂನ್‌ಹಾನ್ ಕುರ್ಚಿ ಎತ್ತಿಕೊಂಡು ಕಿಟಕಿಗೆ ಬೆನ್ನು ಮಾಡಿ ಕೂತ. ಲುವಾನ್ ಟವೆಲನ್ನು ಮಡಿಸಿ, ಮಂಚದ ಕಂಬಿಗಳು ಕೂಡುವ ಕಡೆ ನಾಲ್ಕು ಬೆರಳಿಟ್ಟು ಅಳೆದು, ಉಜ್ಜತೊಡಗಿದಳು. ಕಡಲ ಕಡೆಯ ಗಾಳಿ ಅವನ ಬೆನ್ನಿಗೆ ಬೀಸುತ್ತಲೇ ಇತ್ತು.