ಗಾಳಿ ತಿರುಗಿದ ದಿನ

"ಇನ್ನೆರಡು ಗಂಟೆ ಕಾದು ನೋಡೋಣಮ್ಮ. ಅಷ್ಟರಲ್ಲಿ ಆಕಾಶ ಏನೂ ಕಳಚಿ ಬೀಳಲ್ಲ," ಎಂದರು ಹವಾಮಾನ ಕಚೇರಿಯ ಮುಖ್ಯಸ್ಥರು.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಬೆಳಿಗ್ಗೆ ಆರಕ್ಕೆ ಜ್ವಾಲಾಮುಖಿ ಉಗುಳಿದ ಬೂದಿ ಉಪಗ್ರಹದ ಚಿತ್ರದಲ್ಲಿ ಕಂದು ಕಲೆಯಾಗಿ ಪೂರ್ವಕ್ಕೆ ಹರಡುತ್ತಿತ್ತು. ಗಾಳಿ ಹೀಗೇ ಬೀಸಿದರೆ ಹತ್ತರ ಹೊತ್ತಿಗೆ ವಿಮಾನಗಳ ದಾರಿಗೆ ಬರುತ್ತದೆ. ಬೂದಿ ಅನ್ನುವುದು ಮಾತಿಗೆ. ಅದು ಕಲ್ಲಿನ ಪುಡಿ. ಎಂಜಿನ್ನಿನ ಬಿಸಿಗೆ ಕರಗಿ ಒಳಗೆ ಗಾಜಿನಂತೆ ಅಂಟಿಕೊಂಡರೆ ಎಂಜಿನ್ ನಿಂತೇ ಹೋಗುತ್ತದೆ.

ಅದೇ ದಾರಿಯ ಒಂಬತ್ತೂವರೆಯ ವಿಮಾನಕ್ಕೆ ಅವಳ ತಮ್ಮ ಕಾದು ಕೂತಿದ್ದ. ಆಸ್ಪತ್ರೆಯಲ್ಲಿ ಅಮ್ಮ ಮೂರು ದಿನದಿಂದ ಅವನನ್ನೇ ಕೇಳುತ್ತಿದ್ದಳು. ಈ ದಿನ ದಾಟಿದರೆ ಹೆಚ್ಚು ಎಂದಿದ್ದರು ಡಾಕ್ಟರು.

"ನಿಮ್ಮ ತಮ್ಮ ಬರೋದು ಅದ್ರಲ್ಲೇ ಅಲ್ವಾ?" ಮುಖ್ಯಸ್ಥರು ದನಿ ತಗ್ಗಿಸಿದರು.

"ಅವನೊಬ್ನೇ ಅಲ್ವಲ್ಲ ಸಾರ್ ಕೂರೋದು," ಎಂದು ವಿಮಾನ ನಿಲ್ದಾಣಗಳಿಗೆ ಎಚ್ಚರಿಕೆಯ ಸಂದೇಶ ಕಳಿಸಿಬಿಟ್ಟಳು.

ಅರ್ಧ ಗಂಟೆಯಲ್ಲಿ ವಿಮಾನಗಳೆಲ್ಲ ರದ್ದಾದವು. ತಮ್ಮನ ಫೋನ್ ಬಂತು. "ಅಕ್ಕಾ, ಯಾರೋ ಪುಣ್ಯಾತ್ಮರು ಬೂದಿ ಬೂದಿ ಅಂತ ಬಾಯಿ ಬಡ್ಕೊಂಡಿದಾರಂತೆ. ನಿಮ್ಮ ಆಫೀಸಿನವ್ರೇ ಇರ್ಬೇಕು. ಸ್ವಲ್ಪ ಹೇಳೇ!"

"ನಾನೇ ಕಣೋ ಕಳ್ಸಿದ್ದು."

ಅವನು ಫೋನ್ ಇಟ್ಟ. ಬಾಡಿಗೆ ಕಾರು ಹಿಡಿದು ಹೊರಟ. ಇಪ್ಪತ್ತು ಗಂಟೆಯ ದಾರಿ.

ಒಂಬತ್ತೂ ಮುಕ್ಕಾಲಿಗೆ ಗಾಳಿ ದಿಕ್ಕು ಬದಲಿಸಿತು. ಬೂದಿ ಸಮುದ್ರದ ಕಡೆ ಹೊರಳಿ, ವಿಮಾನದ ದಾರಿಯನ್ನು ಮುಟ್ಟಲೇ ಇಲ್ಲ. ಮಧ್ಯಾಹ್ನ ಎರಡಕ್ಕೆ ಅಮ್ಮ ತೀರಿಕೊಂಡಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಶವಾಗಾರದಲ್ಲಿ ಅಮ್ಮನನ್ನು ನೋಡಿ ಮನೆಗೆ ಬಂದ ತಮ್ಮ ನಿಂತೇ ನೀರು ಕುಡಿದ.

"ಬಂತಾ ನಿನ್ನ ಬೂದಿ?"

ಬಂತು ಅಂದುಬಿಡಬಹುದಿತ್ತು. ಅವನಿಗೇನು ಗೊತ್ತಾಗುತ್ತಿತ್ತು?

"ಇಲ್ಲ. ಗಾಳಿ ತಿರುಗ್ತು."

"ನಾಳೆ ಮತ್ತೆ ಹೀಗೇ ಆದ್ರೆ?"

"ಕಳಿಸ್ತೀನಿ."

ಅವನು ಒಳಗೆ ಹೋಗಿ ಅಮ್ಮನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ, ಶೂ ಕೂಡ ಬಿಚ್ಚದೆ. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಮಂಚದ ತುದಿಗೆ ಕೂತು ಅವನ ಶೂ ಲೇಸು ಸಡಿಲಿಸತೊಡಗಿದಳು. ಒಂದು ಕಾಲಿನದು ಮುಗಿಯುವಷ್ಟರಲ್ಲಿ ಅವನು ಎರಡೂ ಕಾಲನ್ನು ಒಳಕ್ಕೆಳೆದುಕೊಂಡ.

ಒಂದು ಶೂ ಅವಳ ಕೈಯಲ್ಲೇ ಉಳಿಯಿತು.