ಚಹಾ ಬಣ್ಣದ ಮೂರು ಮೊಟ್ಟೆ

ಕಾವಿಗೆ ಇಟ್ಟ ಹನ್ನೊಂದು ಮೊಟ್ಟೆಗಳಲ್ಲಿ ಮೂರು ಎಂದಿಗೂ ಮರಿಯಾಗುವುದಿಲ್ಲ. ಇದು ಗೊತ್ತಿದ್ದದ್ದು ನನಗೆ, ನನ್ನ ಡೈರಿಗೆ, ಬಹುಶಃ ಕೋಳಿಗೆ.

ಮೂರು ವಾರದ ಹಿಂದೆ ಸುಗಂಧಿ ಚಿಕ್ಕಮ್ಮ ನನ್ನನ್ನು ಎಲಿಜಬೆತ್ ಬಾಯಿಯ ಮನೆಗೆ ಮೊಟ್ಟೆ ತರಲು ಕಳಿಸಿದ್ದರು. ಬಾಯಿಯ ಮನೆ ನಮ್ಮ ಗದ್ದೆಯ ಆಚೆ ಬದಿಗೆ. ನಮ್ಮಲ್ಲಿ ಹುಂಜ ಇಲ್ಲ, ಅವರ ಕೆಂಪು ಹುಂಜನಿಗೆ ಇನ್ನಂಜೆ ಊರಿನಲ್ಲೆಲ್ಲ ಹೆಸರು. ವಾಪಸು ಬರುವಾಗ ತೋಡು ದಾಟಲು ಹಾಕಿದ ಮರದ ಸಂಕದ ಮೇಲೆ ಕಾಲು ಜಾರಿ ಮೂರು ಮೊಟ್ಟೆ ಒಡೆದವು. ಹೇಳಿಬಿಡಬಹುದಿತ್ತು. ಆದರೆ ಬಿಎಸ್ಸಿ ಮುಗಿಸಿದವಳಿಗೆ ಒಂದು ಬುಟ್ಟಿ ಹಿಡಿಯಲು ಬರುವುದಿಲ್ಲ ಎಂದು ಉಮಾನಾಥ ಚಿಕ್ಕಪ್ಪ ವರ್ಷವಿಡೀ ನಗುತ್ತಾರೆ. ಅಂಗಡಿಯಿಂದ ಮೂರು ಬಿಳಿ ಮೊಟ್ಟೆ ತಂದೆ. ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ಕಡುಚಹಾದಲ್ಲಿ ಮುಳುಗಿಸಿ ಬಾಯಿಯ ಮೊಟ್ಟೆಗಳ ಹಾಗೆ ಕಂದು ಮಾಡಿದೆ. ಹುಂಜನನ್ನೇ ಕಾಣದ ಕೋಳಿಗಳ ಮೊಟ್ಟೆ ಅವು. ಎಷ್ಟು ಕಾವು ಕೊಟ್ಟರೂ ಮರಿ ಬರುವುದಿಲ್ಲ ಎಂದು ಓದಿದವಳೇ ನಾನು.

ಚಿಕ್ಕಮ್ಮ ಬುಟ್ಟಿಗೆ ಒಣಹುಲ್ಲು ಹಾಸಿ, ಮೊಟ್ಟೆಗಳ ನಡುವೆ ಒಂದು ಕಬ್ಬಿಣದ ಮೊಳೆ ಇಟ್ಟರು. ಗುಡುಗಿಗೆ ಮೊಟ್ಟೆ ಹಾಳಾಗಬಾರದು ಎಂದು.

ಆಮೇಲೆ ದಿನವೂ ಬುಟ್ಟಿಯ ಹತ್ತಿರ ಕೂತೆ. ಕೋಳಿಯ ಮೈಬಿಸಿ ನಲವತ್ತೊಂದು ಡಿಗ್ರಿ. ನಮಗೆ ಅಷ್ಟು ಜ್ವರ ಬಂದರೆ ಮಣಿಪಾಲದ ಆಸ್ಪತ್ರೆಗೆ ಓಡಬೇಕು. ಕೋಳಿಗೆ ನಮಗಿಂತ ಹೆಚ್ಚು ಬಣ್ಣ ಕಾಣುತ್ತದೆ. ಅಂದರೆ ನನ್ನ ಚಹಾ ಅದಕ್ಕೆ ಮೊದಲ ದಿನವೇ ತಿಳಿದಿರಬೇಕು. ಆದರೂ ಮೂರನ್ನೂ ಎದೆಯಡಿಗೆ ಎಳೆದುಕೊಂಡು, ನನ್ನ ಮುಖ ನೋಡಿ, ಸುಮ್ಮನೆ ಕೂತಿತು. ಇಷ್ಟು ನೆಮ್ಮದಿಯ ಗೆಳತಿ ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಇಪ್ಪತ್ತನೆಯ ದಿನ ಕಿವಿಯಿಟ್ಟು ಕೇಳಿದೆ. ಒಳಗಿನಿಂದ ಚಿಂವ್ ಚಿಂವ್. ಕೋಳಿ ಮೆಲ್ಲಗೆ ಉತ್ತರ ಕೊಡುತ್ತಿತ್ತು. ಹೊರಗೆ ಬರುವ ಮೊದಲೇ ಮರಿ ಮಾತು ಶುರುಮಾಡುತ್ತದೆ. ನಾನು ಹೊರಗೆ ಬಂದು ಇಪ್ಪತ್ತೆರಡು ವರ್ಷವಾಯಿತು.

ಮರುದಿನ ಸಂಜೆಯೊಳಗೆ ಎಂಟು ಮರಿ. ಇನ್ನೊಂದು ದಿನ ಕಾದರೂ ಮೂರು ಮೊಟ್ಟೆ ಹಾಗೆಯೇ ಉಳಿದವು. ಮರಿ ನೋಡಲು ಬಂದ ಎಲಿಜಬೆತ್ ಬಾಯಿ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು.

"ಮೂರು ಎಂತಕ್ಕೆ ಆಗಲಿಲ್ಲ?" ಎಂದರು.

"ಗುಡುಗು ಇರಬೇಕು," ಎಂದರು ಚಿಕ್ಕಪ್ಪ.

"ಎಂತ ಗುಡುಗು? ಮೊಳೆ ಇಟ್ಟದ್ದು ನಾನೇ," ಚಿಕ್ಕಮ್ಮನಿಗೆ ಸಿಟ್ಟೇ ಬಂತು. "ನನ್ನ ಮೊಳೆ ಇದ್ದಲ್ಲಿ ಒಂದೂ ಹಾಳಾದದ್ದಿಲ್ಲ. ಬೇಜಾರು ಮಾಡ್ಬೇಡಿ ಬಾಯಿ, ಹೋದ ವರ್ಷ ಹನ್ನೊಂದಕ್ಕೆ ಹನ್ನೊಂದೂ ಆಗಿತ್ತು. ನಿಮ್ಮ ಹುಂಜನಿಗೆ ವಯಸ್ಸಾಯ್ತು."

ಬಾಯಿ ಲೋಟ ಕೆಳಗಿಟ್ಟರು. "ನನಗೂ ಸಂಶಯ ಉಂಟು. ಬೆಳಿಗ್ಗೆ ಕೂಗುವುದೂ ತಡವೇ."

"ಹಾಗಾದರೆ ನನ್ನ ಹಾಗೆಯೇ," ಎಂದು ಚಿಕ್ಕಪ್ಪ ನಕ್ಕರು.

"ನಿಮ್ಮನ್ನು ಮಸಾಲೆ ಹಾಕಿ ಸುಕ್ಕ ಮಾಡ್ಲಿಕ್ಕೆ ಆಗುವುದಿಲ್ಲ ಅಲ್ವಾ!" ಎಂದರು ಚಿಕ್ಕಮ್ಮ.

ಬಾಯಿಯೂ ನಕ್ಕರು, ಆದರೆ ಅರ್ಧ. "ಭಾನುವಾರ ಮಗಳು ಬರ್ತಾಳೆ. ಅವನನ್ನೇ ಕೊಯ್ದು ಬಿಡುವ. ಇನ್ನು ಇಟ್ಟು ಎಂತ ಮಾಡುವುದು?"

ಭಾನುವಾರಕ್ಕೆ ಎರಡೇ ದಿನ. ಗದ್ದೆಯಾಚೆ ಅವನು ಕೂಗಿದ, ಹೊತ್ತಲ್ಲದ ಹೊತ್ತಿಗೆ. ಬುಟ್ಟಿಯಲ್ಲಿ ಕೋಳಿ ಇನ್ನೂ ಆ ಮೂರರ ಮೇಲೆಯೇ ಕೂತಿತ್ತು. ರೆಕ್ಕೆಯಡಿಯಿಂದ ಒಂದು ಮರಿ ತಲೆ ಹೊರಹಾಕಿ ಕಿರುಚಿತು, ಜಗಲಿಯಲ್ಲಿ ಯಾರಿದ್ದಾರೆಂದೂ ನೋಡದೆ.

ಡೈರಿಗೆ ಬರೆಯುವ ವಾಕ್ಯ ಮನಸ್ಸಿನಲ್ಲಿ ತಯಾರಾಗುತ್ತಿತ್ತು. ಅದನ್ನು ಅಲ್ಲಿಯೇ ಬಿಟ್ಟು ಎದ್ದು ನಿಂತೆ.

"ಬಾಯಿ, ಅವನನ್ನು ಕೊಯ್ಯಬೇಡಿ. ನಿಮ್ಮ ಮೂರು ಮೊಟ್ಟೆ ಒಡೆದದ್ದು ನಾನು. ಇವು ಅಂಗಡಿಯವು."