ಇಲಿಗಳನ್ನು ಬಿಟ್ಟು

ವಿಜ್ಞಾನವನ್ನು ಜನರಿಗೆ ಮುಟ್ಟಿಸುವುದು ಹೇಗೆಂದು ಕಲಿಸುವ ನಮ್ಮ ವಿಭಾಗದಲ್ಲಿ ಪ್ರತಿ ಶುಕ್ರವಾರ ಕತ್ತರಿ ತರಗತಿ. ನಾವು ಬರೆದದ್ದನ್ನು ಮೇಡಂ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಓದುಗ ಎಡವುವ ಮಾತುಗಳನ್ನೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದರು. ಕೈನಡುಕದ ಹೊಸ ಔಷಧಿಯ ಬಗ್ಗೆ ನಾನು ಬರೆದ ಲೇಖನದಲ್ಲಿ ಮೊದಲು ಹೋದದ್ದು ಇಲಿಗಳು.

"ಪ್ರಯೋಗ ನಡೆದಿದ್ದೇ ಇಲಿಗಳ ಮೇಲೆ, ಮೇಡಂ."

"ಇರಲಿ ಕಣಮ್ಮ. ಮೊದಲ ಸಾಲಲ್ಲೇ ಇಲಿ ಬಂದ್ರೆ ಯಾರು ಮುಂದೆ ಓದ್ತಾರೆ? ಕೊನೇಲಿ ಹಾಕೋಣ."

ಕೊನೆಯ ಸಾಲುಗಳನ್ನು ಪತ್ರಿಕೆಯವರು ಜಾಗ ಸಾಲದೆಂದು ಕಿತ್ತರು. ಇಲಿಗಳು ಬಿಲ ಸೇರಿದವು. ಲೇಖನ ಅಚ್ಚಾದಾಗ ವಿಭಾಗದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಮೈಯೆಲ್ಲ ಉರಿಯಿತು.

ನನ್ನ ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುವವರು. ಕೈ ನಡುಗತೊಡಗಿದ ಮೇಲೆ ಚಿಮಟದಲ್ಲಿ ಹಿಡಿದ ಸ್ಕ್ರೂ ಮೇಜಿನಡಿ ಉರುಳುತ್ತಿತ್ತು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಡುಕ ಹದ್ದುಬಸ್ತಿಗೆ ಬಂದಿತ್ತು, ಆದರೆ ಹೊಟ್ಟೆ ತೊಳಸುತ್ತಿತ್ತು. ನನ್ನ ಲೇಖನ ಓದಿದ್ದೇ ತಡ, ಹೊಸದು ಬರಲಿ ಎಂದು ಮಾತ್ರೆ ಬಿಟ್ಟರು.

ದೊಡ್ಡಮ್ಮ ಫೋನಿನಲ್ಲಿ ಅತ್ತರು. "ನಿನ್ನೆ ಬಚ್ಚಲಲ್ಲಿ ಬಿದ್ರು ಕಣೇ. ನೀನೇ ಬಂದು ಹೇಳು, ನಿನ್ನ ಮಾತು ಕೇಳ್ತಾರೆ."

ಅಂಗಡಿಗೆ ಓಡಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡು ದೊಡ್ಡಪ್ಪ ಕೂತಿದ್ದರು. ಎದುರಿಗೆ ಬಿಚ್ಚಿಟ್ಟ ಕೈಗಡಿಯಾರವಿತ್ತು, ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ನಾನು ಇಲಿಗಳ ವಿಷಯ ಹೇಳಿದೆ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆಯೇ ಆಗಿಲ್ಲ, ಪರೀಕ್ಷೆ ನಡೆದರೂ ಫಲಿಸಬೇಕೆಂದಿಲ್ಲ, ಒಂದು ವೇಳೆ ಫಲಿಸಿದರೂ ಬಹುಶಃ ವರ್ಷಗಳೇ ಬೇಕು ಎಂದೆ. ಮೇಡಂ ಅಳಿಸಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಡಾಕ್ಟರೂ ಹೀಗೇ ಮಾತಾಡ್ತಾರೆ," ಎಂದರು ದೊಡ್ಡಪ್ಪ. "ಒಂದೂ ತಲೆಗೆ ಹೋಗಲ್ಲ."

"ಪೇಪರಲ್ಲಿ ಬಂದಿದ್ದು ಪೂರ್ತಿ ನಿಜ ಅಲ್ಲ, ದೊಡ್ಡಪ್ಪ. ದಯವಿಟ್ಟು ಮಾತ್ರೆ ತಗೊಳ್ಳಿ."

"ಸುಮ್ನಿರು. ಅಂಗಡಿ ಮಾರೋಕೆ ಮಾತಾಗಿತ್ತು. ನೀನು ಬರೆದಿದ್ದು ಓದಿ ಬೇಡ ಅಂದೆ. ಒಂದೇ ಸಲಕ್ಕೆ ಅರ್ಥ ಆಯ್ತು ಕಣೇ! ಅಷ್ಟು ಚೆನ್ನಾಗಿ ಅರ್ಥ ಆಗೋದು ಸುಳ್ಳಾಗುತ್ತಾ?"

"ಆಗುತ್ತೆ," ಎಂದೆ.

ಅವರು ಚಿಕ್ಕ ಮಗುವಿನ ಮಾತಿಗೆ ನಗುವ ಹಾಗೆ ನಕ್ಕು, ನಾನು ಮುಂದಿಟ್ಟ ಮಾತ್ರೆಯ ಡಬ್ಬಿಯನ್ನು ನಡುಗುವ ಕೈಯಿಂದಲೇ ನನ್ನ ಕಡೆಗೆ ಸರಿಸಿದರು.